ಹೂಂ ಅನ್ನಲೂ ಆಗದೆ ಬಿಡಲೂ ಆಗದೆ ಇದ್ದರೆ

ನಿಮ್ಮ ಜೊತೆಗಾರರನ್ನು ಮದುವೆಯಾಗಲು ಒಪ್ಪಲೂ ಆಗುತ್ತಿಲ್ಲ, ಅವರನ್ನು ಬಿಡಲೂ ಆಗುತ್ತಿಲ್ಲ ಅಂತ ಬರೆದಿದ್ದೀರಿ. ನಿಮ್ಮನ್ನು ತಡೆಯುತ್ತಿರುವುದು ಬಹುಶಃ ಅವರ ಮೇಲಿನ ಅನುಮಾನವಲ್ಲ, ಮದುವೆಗೆ ಒಪ್ಪಿದರೆ ಬೇರೆ ದಾರಿ ಮುಚ್ಚಿಹೋಗುತ್ತದೆ ಅನ್ನುವ ಭಯ. ನೀವು ಬರೆದಿರುವುದರಿಂದ ಇಷ್ಟೇ ಊಹಿಸಬಲ್ಲೆ, ತಪ್ಪಿರಲೂಬಹುದು.

ಮೊದಲು ಒಂದು ಹಾಳೆಯಲ್ಲಿ ಎರಡು ಭಾಗ ಮಾಡಿ. ‘ಜಗಳವಾದರೆ ವಾರಗಟ್ಟಲೆ ಮಾತು ಬಿಡುತ್ತಾರೆ’ ಅನ್ನುವಂಥದ್ದು ಎಡಕ್ಕೆ. ‘ಇನ್ನೂ ಒಳ್ಳೆಯವರು ಸಿಕ್ಕಿಬಿಟ್ಟರೆ?’ ಅನ್ನುವಂಥದ್ದು ಬಲಕ್ಕೆ. ಎಡಗಡೆಯದನ್ನು ಅವರ ಜೊತೆಯೇ ಕೂತು ಮಾತಾಡಿ. ಬಲಗಡೆಯದಕ್ಕೆ ಎಷ್ಟು ಯೋಚಿಸಿದರೂ ಉತ್ತರ ಸಿಗಲ್ಲ, ಸುಮ್ನೆ ನಿದ್ದೆ ಹಾಳು.

ಆಮೇಲೆ ನಿರ್ಧಾರ ಹೇಳಲು ಒಂದು ತಾರೀಖು ಗೊತ್ತು ಮಾಡಿ, ಅವರಿಗೂ ಹೇಳಿ. ಕಾದಷ್ಟೂ ನೆಮ್ಮದಿ ಜಾಸ್ತಿ ಅನಿಸುತ್ತೆ, ಅಲ್ವಾ? ಆದರೆ 2002ರಲ್ಲಿ ಮನಶ್ಶಾಸ್ತ್ರಜ್ಞರಾದ ಗಿಲ್ಬರ್ಟ್ ಮತ್ತು ಎಬರ್ಟ್ ಪ್ರಕಟಿಸಿದ ಪ್ರಯೋಗದಲ್ಲಿ, ಆರಿಸಿದ ಫೋಟೋವನ್ನು ಬದಲಿಸಿಕೊಳ್ಳಲು ಅವಕಾಶವಿದ್ದವರಿಗೇ ಅದು ಕಡಿಮೆ ಹಿಡಿಸಿತ್ತು.

ಎಡಗಡೆ ಹೊಡೆತ, ಬೆದರಿಕೆ ಇದ್ದರೆ ತಾರೀಖಿಗೆ ಕಾಯಬೇಡಿ. ನಂಬಿಕೆಯವರಿಗೆ ತಿಳಿಸಿ, ಹೊರಗೆ ಬನ್ನಿ.