ಉದ್ದ ಪಟ್ಟಿಯ ಟೆಸ್ಟ್ ಒಂದು ಫೋನಿನಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್: ಎಷ್ಟು ಸಲ ಸ್ವೈಪ್ ಮಾಡಿಸಬೇಕು?

ನೀವು ಕೇಳಿದ್ದು ಇಷ್ಟು: ಅಪ್ಪಿಯಂನಲ್ಲಿ (ಆ್ಯಪ್‌ಗಳನ್ನು ತಾನೇ ಒತ್ತಿ, ಎಳೆದು ಪರೀಕ್ಷಿಸುವ ಸಾಧನ) 5 ಸಲ ಸ್ವೈಪ್ ಮಾಡಿಸಿ ಪಟ್ಟಿಯ 40ನೇ ಸಾಲನ್ನು ಒತ್ತಿಸುತ್ತೀರಿ. ನಿಮ್ಮ ಫೋನಿನಲ್ಲಿ ಪಾಸ್, ಆಫೀಸಿನ ಇನ್ನೊಂದು ಫೋನಿನಲ್ಲಿ ಫೇಲ್. ಎಷ್ಟು ಸ್ವೈಪ್ ಇಟ್ಟರೆ ಎಲ್ಲದಕ್ಕೂ ಹೊಂದುತ್ತದೆ?

ಯಾವ ಸಂಖ್ಯೆ ಇಟ್ಟರೂ ಹೊಂದುವುದಿಲ್ಲ. ಸ್ಕ್ರೀನ್ ಉದ್ದ ಬೇರೆ, ಅಕ್ಷರದ ಗಾತ್ರ ಬೇರೆ, ಬೆರಳು ಬಿಟ್ಟ ಮೇಲೆ ಪಟ್ಟಿ ಓಡುವ ದೂರವೂ ಬೇರೆ. ಎಷ್ಟು ಸಲ ಎಳೆಯಬೇಕು ಅನ್ನುವುದನ್ನು ಬಿಟ್ಟು, ಯಾವಾಗ ನಿಲ್ಲಬೇಕು ಅನ್ನುವುದನ್ನು ಟೆಸ್ಟ್‌ಗೆ ಹೇಳಿಕೊಡಿ.

ನಾನು ಹುಬ್ಬಳ್ಳಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಗಳು ಬಳಸುವ ಒಂದು ಆ್ಯಪ್ ಬಹಳ ದಿನ ನನ್ನ ಕೈಯಲ್ಲಿತ್ತು. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ಡಬ್ಬಿ, ಕಡ್ಡಿ, ಗುಂಟೂರು ಅಂತ ಬೇರೆ ಬೇರೆ ಬಗೆಯ ಮೆಣಸಿನಕಾಯಿ ಲಾಟ್‌ಗಳ (ಮಾರಾಟಕ್ಕಿಟ್ಟ ರಾಶಿಗಳ) ಸಾಲು ಮುಗಿಯುವುದೇ ಇಲ್ಲ. ನಾನೂ ಮೊದಲು ನಿಮ್ಮ ಹಾಗೆಯೇ ಸ್ವೈಪ್ ಎಣಿಸಿ ಬರೆದಿದ್ದೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಸ್ಕ್ರೀನ್ ಮೇಲೆ 9 ಸಾಲು ಹಿಡಿಸಿದರೆ, ಆಂಡ್ರಾಯ್ಡ್ ತಯಾರಿಸಿಕೊಳ್ಳುವುದು ಹೆಚ್ಚುಕಡಿಮೆ ಅಷ್ಟೇ, ಮೇಲೊಂದಿಷ್ಟು. ಮೇಲಕ್ಕೆ ಸರಿದು ಮರೆಯಾದ ಸಾಲನ್ನೇ ಕೆಳಗೆ ತಂದು, ಅದರಲ್ಲಿ ಹೊಸ ಲಾಟ್‌ನ ಮಾಹಿತಿ ತುಂಬಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಪಟ್ಟಿ ತೋರಿಸಲು 2014ರಲ್ಲಿ ಬಂದ ರಿಸೈಕ್ಲರ್‌ವ್ಯೂಗೆ ಆ ಹೆಸರು ಬಿದ್ದದ್ದೇ ಇದಕ್ಕೆ. ಐಫೋನಿನಲ್ಲಿ ಪಟ್ಟಿ ತೋರಿಸುವ ಟೇಬಲ್‌ವ್ಯೂ ಕೂಡ ಸೆಲ್‌ಗಳನ್ನು, ಅಂದರೆ ಸಾಲುಗಳನ್ನು, ಹೀಗೇ ಮತ್ತೆ ಮತ್ತೆ ಬಳಸುತ್ತದೆ. ಆದ್ದರಿಂದ ನಿಮ್ಮ 40ನೇ ಸಾಲು ಎಲ್ಲೋ ಕೆಳಗೆ ಅಡಗಿ ಕೂತಿಲ್ಲ. ಅಲ್ಲಿಗೆ ಹೋಗುವತನಕ ಅದು ಹುಟ್ಟಿಯೇ ಇರುವುದಿಲ್ಲ. ಅಪ್ಪಿಯಂ ಹುಡುಕಿದರೆ ಸಿಗುವುದಾದರೂ ಹೇಗೆ?

ಹಾಗಾಗಿ ಸಾಲಿನ ಕ್ರಮಸಂಖ್ಯೆ ಬಿಡಿ, ಗುರುತು ಹಿಡಿದು ಹುಡುಕಿ. ನಮ್ಮಲ್ಲಿ ಲಾಟ್ ನಂಬರ್ ಇತ್ತು. ಎಲ್ಲ ಸಾಲಿಗೂ ರಿಸೋರ್ಸ್ ಐಡಿ (ಕೋಡ್‌ನಲ್ಲಿ ಸಾಲಿಗೆ ಕೊಟ್ಟ ಹೆಸರು) ಒಂದೇ ಇರುತ್ತದೆ, ಅದೊಂದನ್ನೇ ನಂಬಿದರೆ ಕೆಲಸ ಆಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಯುಐಸ್ಕ್ರೋಲೆಬಲ್‌ನ ಸ್ಕ್ರೋಲ್‌ಇಂಟುವ್ಯೂ ಅನ್ನುವ ಆದೇಶ ಬಳಸಿದರೆ ಅದೇ ಎಳೆಯುತ್ತಾ ಹುಡುಕುತ್ತದೆ. ಎರಡು ಸಂಗತಿ ನೆನಪಿಡಿ: ಬೇಕಾದ ಸಾಲು ಕಣ್ಣೆದುರು ಇಲ್ಲದಿದ್ದರೆ ಅದು ಮೊದಲು ಪಟ್ಟಿಯ ಆರಂಭಕ್ಕೆ ಹೋಗಿ ಅಲ್ಲಿಂದ ಶುರುಮಾಡುತ್ತದೆ, ಮತ್ತು ನೀವು ಬದಲಿಸದಿದ್ದರೆ 30 ಸ್ವೈಪ್‌ಗೆ ಕೈಬಿಡುತ್ತದೆ. ನಮ್ಮ ಸುಗ್ಗಿ ಪಟ್ಟಿಗೆ 30 ಯಾವ ಲೆಕ್ಕಕ್ಕೂ ಸಾಲಲಿಲ್ಲ. ನೀವು ಅಪ್ಪಿಯಂ ಬದಲು ಗೂಗಲ್‌ನ ಟೆಸ್ಟ್ ಸಾಧನ ಎಸ್ಪ್ರೆಸೊ ಬಳಸುವುದಾದರೆ ಬರೀ ಸ್ಕ್ರೋಲ್‌ಟು ರಿಸೈಕ್ಲರ್‌ವ್ಯೂ ಮೇಲೆ ನಡೆಯುವುದಿಲ್ಲ, ರಿಸೈಕ್ಲರ್‌ವ್ಯೂಆ್ಯಕ್ಷನ್ಸ್ ಬೇಕು. ಆಂಡ್ರಾಯ್ಡ್ ಸ್ಕ್ರೀನ್ ಬರೆಯುವ ಹೊಸ ವಿಧಾನವಾದ ಕಂಪೋಸ್‌ನ ಪಟ್ಟಿ, ಲೇಜಿಕಾಲಮ್‌ಗೆ, ಪರ್ಫಾರ್ಮ್‌ಸ್ಕ್ರೋಲ್‌ಟುನೋಡ್ ಇದೆ.

ನೀವೇ ಲೂಪ್ ಬರೆಯುತ್ತೀರಾದರೆ, ಪ್ರತಿ ಸ್ವೈಪ್‌ಗೆ ಮುಂಚೆ ಕಾಣುತ್ತಿರುವ ಲಾಟ್ ನಂಬರ್‌ಗಳನ್ನು ಬರೆದಿಟ್ಟುಕೊಳ್ಳಿ, ಸ್ವೈಪ್ ಆದಮೇಲೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಪಟ್ಟಿ ಮುಗಿಯಿತು. ಆದರೆ ಕೆಳಗೆ ಲೋಡಿಂಗ್ ಚಕ್ರ ತಿರುಗುತ್ತಿದ್ದರೆ ಅದು ಹೋಗುವತನಕ ಕಾಯಿರಿ, ಆಮೇಲೆ ಹೋಲಿಸಿ. ಇಲ್ಲದಿದ್ದರೆ ನೆಟ್ ನಿಧಾನ ಇದ್ದ ದಿನ ಅರ್ಧ ಪಟ್ಟಿಗೇ ‘ಮುಗಿಯಿತು’ ಅಂದುಬಿಡುತ್ತದೆ. ಎಳೆಯುವಾಗ ಸ್ಕ್ರೀನಿನ ಮೇಲಂಚಿನಿಂದ ಎಣಿಸಿ 70 ಶೇಕಡಾ ಕೆಳಗಿನ ಜಾಗದಿಂದ 30ಕ್ಕೆ, ನಿಧಾನವಾಗಿ, ಕೊನೆಗೆ ಬೆರಳು ಎತ್ತುವ ಮುಂಚೆ ಒಂದು ಕ್ಷಣ ತಡೆದು ಎತ್ತಿಸಿ. ಪಟ್ಟಿ ಜಾರಿ ಓಡುವುದು ನಿಲ್ಲುತ್ತದೆ, ನಡುವಿನ ಸಾಲು ತಪ್ಪಿಹೋಗುವುದಿಲ್ಲ. ತೀರಾ ಕೆಳಗಿನ ಅಂಚಿನಿಂದ ಎಳೆದರೆ ಹೊಸ ಫೋನುಗಳಲ್ಲಿ ಆ್ಯಪ್ ಬಿಟ್ಟು ಹೋಮ್ ಸ್ಕ್ರೀನಿಗೇ ಹೋಗುತ್ತದೆ. ಇನ್ನು ಸಾಲು ಸಿಕ್ಕಿತು ಅಂದಕೂಡಲೇ ಒತ್ತಿಸಬೇಡಿ. ಸಾಲಿನ ಅಂಚಷ್ಟೇ ಕಂಡಿರಬಹುದು, ಒತ್ತಿದ್ದು ಕೆಳಗಿನ ಬಟನ್‌ಗೆ ಬೀಳಬಹುದು. ಇನ್ನೊಂದಿಷ್ಟು ಸರಿಸಿ ಒತ್ತಿಸಿ.

ಇಷ್ಟಾದರೆ ನಿಮ್ಮ ಟೆಸ್ಟ್ ಪಾಸ್ ಆಗುತ್ತದೆ. ಆದರೆ ಪಾಸ್ ಆದ ಟೆಸ್ಟ್ ಏನನ್ನು ನೋಡಿತು ಅನ್ನುವುದು ನನಗೆ ಹೆಚ್ಚು ಮುಖ್ಯ, ಅದನ್ನು ಕಲಿತದ್ದು ಬ್ಯಾಡಗಿಯಲ್ಲೇ.

ಒಂದು ಗುರುವಾರ ಅಂಗಡಿಯೊಂದರಲ್ಲಿ ಕೂತಿದ್ದೆ. ಅಲ್ಲಿನ ಗುಮಾಸ್ತರು ಫೋನ್ ನನ್ನ ಮುಂದೆ ಹಿಡಿದು, ‘ನೋಡ್ರಿ ಸರ, ನಾ ಮ್ಯಾಲಿನ ಲಾಟಿಗೆ ಗುರ್ತ ಹಾಕೇನಿ. ಕೆಳಗ ಹ್ವಾದ್ರ ಈ ಲಾಟಿಗೂ ಗುರ್ತ ಐತಿ. ಇದನ್ನ ನಾ ಹಾಕಿಲ್ರಿ’ ಅಂದರು. ಬೆರಳಿನಿಂದ ಮೇಲೆ ಕೆಳಗೆ ಎಳೆದು ತೋರಿಸಿದರು. ಹಳದಿ ನಕ್ಷತ್ರ ಒಮ್ಮೆ ಒಂದು ಲಾಟ್‌ಗೆ, ಇನ್ನೊಮ್ಮೆ ಇನ್ನೊಂದಕ್ಕೆ. ಆ ನಕ್ಷತ್ರ ನೋಡಿಯೇ ಅವರು ಟೆಂಡರ್ ದರ ಬರೆಯುತ್ತಿದ್ದರು. ಡಬ್ಬಿಗೆ ಬರೆಯಬೇಕಾದ ದರ ಕಡ್ಡಿಗೆ ಬಿದ್ದರೆ ಅದರ ನಷ್ಟ ಯಾರದ್ದು?

ಕಾರಣ ಮೇಲೆ ಹೇಳಿದ್ದೇ. ಡಬ್ಬಿ ತುಂಬಿದ್ದ ಚೀಲವನ್ನು ಕೊಡವದೆ ಅದರಲ್ಲೇ ಕಡ್ಡಿ ತುಂಬಿದ ಹಾಗೆ, ಆ್ಯಪ್ ಬರೆದವರು ಹಳೆಯ ಸಾಲಿನ ನಕ್ಷತ್ರವನ್ನು ಅಳಿಸದೆ ಹೊಸ ಲಾಟ್ ತುಂಬಿದ್ದರು. ಸಾಲಿಗೆ ಮಾಹಿತಿ ತುಂಬುವ ಕೋಡ್ ಭಾಗವಾದ ಆನ್‌ಬೈಂಡ್‌ವ್ಯೂಹೋಲ್ಡರ್‌ನಲ್ಲಿ ‘ಗುರುತಿದ್ದರೆ ತೋರಿಸು’ ಅಂತ ಇತ್ತು, ‘ಇಲ್ಲದಿದ್ದರೆ ಮರೆಮಾಡು’ ಅನ್ನುವ ಸಾಲು ಇರಲಿಲ್ಲ. ನನ್ನ ಟೆಸ್ಟ್ ಕೆಳಗೆ ಹೋಗಿ ಒಂದು ಸಾಲು ಒತ್ತಿ ಮುಗಿಸುತ್ತಿತ್ತು. ಅದಕ್ಕೆ ಇದು ಕಾಣುವ ದಾರಿಯೇ ಇರಲಿಲ್ಲ. ಈಗ ನಾನು ಬರೆಯುವ ಪ್ರತಿ ಪಟ್ಟಿಯ ಟೆಸ್ಟ್‌ನಲ್ಲೂ ಒಂದು ಸಾಲಿಗೆ ಗುರುತು ಹಾಕಿ, ಕೊನೆತನಕ ಹೋಗಿ, ಮರಳಿ ಮೇಲೆ ಬಂದು, ಗುರುತಿರುವ ಸಾಲು ಅದೊಂದೇ ಅಂತ ನೋಡುತ್ತೇನೆ.

ಹೀಗೆ ಹೋಗುವಾಗ ಕಂಡ ಲಾಟ್ ನಂಬರ್‌ಗಳನ್ನೆಲ್ಲ ಕೂಡಿಟ್ಟು ಎಣಿಸಿ, ಯಾವುದಾದರೂ ಎರಡು ಸಲ ಬಂತೇ, ತಪ್ಪಿಹೋಯಿತೇ ಗೊತ್ತಾಗುತ್ತದೆ. ಸ್ವೈಪ್‌ಗಳ ನಡುವೆ ಒಂದೆರಡು ಸಾಲು ಎರಡು ಸಲ ಕಾಣುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮಲ್ಲಿ ಸರ್ವರ್‌ನಿಂದ ಪುಟಕ್ಕೆ, ಅಂದರೆ ಒಂದು ಕಂತಿಗೆ, 20 ಲಾಟ್ ಬರುತ್ತಿತ್ತು. ಮೊದಲ ಪುಟ ಬಂದಮೇಲೆ ಮೇಲ್ಗಡೆ ಹೊಸ ಲಾಟ್ ಒಂದು ಸೇರಿದರೆ, 20ನೆಯದು 21ಕ್ಕೆ ಇಳಿದು ಎರಡನೇ ಪುಟದಲ್ಲಿ ಮತ್ತೆ ಬರುತ್ತಿತ್ತು. ಒಂದು ಲಾಟ್ ತೆಗೆದರೆ ನಡುವಿನ ಇನ್ನೊಂದು ಕಾಣಿಸದೇ ಹೋಗುತ್ತಿತ್ತು.

ಇದನ್ನೆಲ್ಲ ನಿಜವಾದ ಸರ್ವರ್ ಮೇಲೆ ಓಡಿಸಬೇಡಿ, ದಿನಕ್ಕೊಂದು ಫಲಿತಾಂಶ ಬರುತ್ತದೆ. ನಕಲಿ ಸರ್ವರ್ ಇಟ್ಟು 0, 1, 20, 21 ಲಾಟ್‌ಗಳ ನಾಲ್ಕು ಪಟ್ಟಿ ಮಾಡಿಕೊಳ್ಳಿ. ಸರಿಯಾಗಿ 20 ಇದ್ದಾಗಲೇ ನಮ್ಮ ಆ್ಯಪ್ ಖಾಲಿ ಎರಡನೇ ಪುಟಕ್ಕಾಗಿ ಕಾದು ಚಕ್ರ ತಿರುಗಿಸುತ್ತಲೇ ಇತ್ತು. ಫೋನಿನ ಡೆವಲಪರ್ ಆಪ್ಷನ್ಸ್‌ನಲ್ಲಿ ಮೂರೂ ಆ್ಯನಿಮೇಷನ್ ಆಫ್ ಮಾಡಿ.

ಇವತ್ತೇ ಒಂದು ಕೆಲಸ ಮಾಡಿ. ಆಫೀಸಿನಲ್ಲಿ ಫೇಲ್ ಆಗುವ ಆ ಫೋನಿನಲ್ಲೇ, ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿ, ಹೊಸ ಟೆಸ್ಟನ್ನು ಓಡಿಸಿ. ಮತ್ತೆ ಫೇಲ್ ಆದರೆ ನಿಂತ ಜಾಗದ ಪೇಜ್ ಸೋರ್ಸ್ (ಆಗ ಸ್ಕ್ರೀನ್ ಮೇಲೆ ಏನೇನಿತ್ತು ಅಂತ ಅಪ್ಪಿಯಂ ಕೊಡುವ ವಿವರ) ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.