ಮೊದಲನೇದು ಸಿಸೇರಿಯನ್ ಆಗಿದೆ, ಎರಡನೇದು ಮನೆಯಲ್ಲೇ ಹೆರಬಹುದಾ?

ಮೂರು ವರ್ಷದ ಹಿಂದೆ ಮಗು ತಲೆ ಮೇಲಾಗಿ ಕೂತಿತ್ತು ಅಂತ ಸಿಸೇರಿಯನ್ ಆಯ್ತು. ಈಗ ಏಳು ತಿಂಗಳು, ಶ್ರಾವಣದಲ್ಲಿ ದಿನ. ಮನೆ ಹೊಸನಗರ ತಾಲೂಕಿನ ನಗರ ಅನ್ನೋ ಊರಿಂದಲೂ ಒಳಗೆ. ಡಾಕ್ಟರು ಈ ಸಲವೂ ಕೊಯ್ಯೋದೇ ಅಂದಿದ್ದಾರೆ. ಗಂಡನ ಅಜ್ಜಿ ನಲವತ್ತು ಹೆರಿಗೆ ಮಾಡಿಸಿದವರು, "ನಾ ನೋಡ್ಕಳ್ತೀನಿ, ಆಸ್ಪತ್ರೆ ಎಂತಕ್ಕೆ" ಅಂತಿದ್ದಾರೆ. ನೀವು ಹೇಳಿದ್ದು ಇಷ್ಟು.

ಮನೆಯಲ್ಲಿ ಬೇಡ. ಹಾಗಂತ ಮತ್ತೆ ಕೊಯ್ಯಿಸಿಕೊಳ್ಳಲೇಬೇಕು ಅಂತಲೂ ಇಲ್ಲ. ನೀವು ಎರಡೇ ಬಾಗಿಲು ನೋಡ್ತಿದ್ದೀರಿ, ಮೂರನೇದೊಂದಿದೆ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆಯ ತೋಟದ ಮನೆಯವಳು. ಒಂದು ಹೊಟ್ಟೆ ಕೊಯ್ದು, ಇನ್ನೊಂದು ಕೊಯ್ಯದೆ, ಎರಡೂ ಕಂಡಿದ್ದೇನೆ ಅಷ್ಟೆ.

ಮೊದಲು ಅಜ್ಜಿಯ ವಿಷಯ, ಯಾಕಂದ್ರೆ ನನ್ನ ಮನೆಯಲ್ಲೂ ಅದೇ ಆಗಿತ್ತು. ನಮ್ಮ ಅಮ್ಮಮ್ಮ ಊರಿಗೆಲ್ಲ ಹೆರಿಗೆ ಮಾಡಿಸಿದವಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಟೀವಿ ಮುಂದೆ ಕೂತು, ತನಗೇ ಬಂತೇನೋ ಅನ್ನೋ ಹಾಗೆ ಕಣ್ಣೊರೆಸಿಕೊಂಡಿದ್ದಳು. ನನ್ನ ಎರಡನೇ ಬಸಿರಲ್ಲಿ ನಾನೇ ಅವಳ ಹತ್ರ ಹೋಗಿ, ನೀನೇ ಮಾಡ್ಸು ಅಮ್ಮಮ್ಮ ಅಂತ ಕೇಳಿದೆ. ಹೊಟ್ಟೆ ಮುಟ್ಟಿ ನೋಡಿದಳು, ಹೊಲಿಗೆಯ ಗೀಟಿನ ಮೇಲೆ ಬೆರಳಾಡಿಸಿದಳು, ಕೈ ತೆಗೆದಳು. "ಕೊಯ್ದ ಹೊಟ್ಟೆ ನನ್ ಕೈಗೆ ಗೊತ್ತಿಲ್ಲ ಮಾರಾಯ್ತಿ. ನಮ್ ಕಾಲದಲ್ಲಿ ಇಂಥದ್ದು ಇರಲೇ ಇಲ್ಲ."

ಇದನ್ನು ನಿಮ್ಮ ಅಜ್ಜಿಗೂ ಕೇಳಿ ನೋಡಿ, ಮರ್ಯಾದೆಯಿಂದಲೇ. ಆ ನಲವತ್ತರಲ್ಲಿ ಎಷ್ಟು ಜನಕ್ಕೆ ಮೊದಲು ಸಿಸೇರಿಯನ್ ಆಗಿತ್ತು? ಒಂದೂ ಇರಲಿಕ್ಕಿಲ್ಲ. ಇದ್ದರೂ ಲೆಕ್ಕ ಬೇರೆ ಥರ ಇದೆ. ಗರ್ಭಕೋಶದ ಕೆಳಗಡೆ ಅಡ್ಡ ಕೊಯ್ದು ಒಂದು ಸಲ ಸಿಸೇರಿಯನ್ ಆದವರಿಗೆ, ಆಮೇಲೆ ನೋವು ತಾನಾಗಿ ಬಂದು ಹೆರಿಗೆಯಾಗುವಾಗ ಹಳೇ ಗಾಯ ಬಿಡುವುದು, ಅಂದ್ರೆ ಗರ್ಭಕೋಶ ಆ ಗೀಟಲ್ಲೇ ಹರಿಯುವುದು, ಹೆಚ್ಚುಕಡಿಮೆ 200ರಲ್ಲಿ ಒಬ್ಬರಿಗೆ. ಅಂದ್ರೆ ನಲವತ್ತು ಹೆರಿಗೆ ಮಾಡಿಸಿದವರು ಅದನ್ನು ಒಮ್ಮೆಯೂ ಕಾಣದೇ ಇರಬಹುದು. ಕಂಡಿಲ್ಲ ಅಂದ್ರೆ ಆಗಲ್ಲ ಅಂತಲ್ಲ, ಆದಾಗ ಏನು ಮಾಡಬೇಕು ಅಂತ ಕೈಗೆ ಗೊತ್ತಿಲ್ಲ ಅಂತ.

200ರಲ್ಲಿ ಒಂದು ಅಂದ್ರೆ ಕಮ್ಮಿಯೇ, ನಿಮ್ಮನ್ನು ಹೆದರಿಸೋಕೆ ಹೇಳ್ತಿಲ್ಲ. ಆದರೆ ಆ ಒಂದು ಬಂದಾಗ ಲೆಕ್ಕ ಗಂಟೆಯಲ್ಲಿಲ್ಲ, ನಿಮಿಷದಲ್ಲಿ. ಮಗುವಿಗೆ ಉಸಿರು ಹೋಗೋದು ನಿಲ್ಲತ್ತೆ, ತಾಯಿಗೆ ಹೊಟ್ಟೆಯೊಳಗೇ ರಕ್ತ ಸುರಿಯತ್ತೆ, ಎಷ್ಟೋ ಸಲ ಹೊರಗೆ ಒಂದು ತೊಟ್ಟೂ ಕಾಣಲ್ಲ. ಆಗ ಬೇಕಾಗೋದು ಥಿಯೇಟರು, ಅರಿವಳಿಕೆ ಡಾಕ್ಟರು, ರಕ್ತ. ನಿಮ್ಮ ಮನೆಯಿಂದ ಜೀಪಲ್ಲಿ ನಗರ, ಅಲ್ಲಿಂದ ಹೊಸನಗರ, ಅಲ್ಲಿಂದ ಶಿವಮೊಗ್ಗ. ಶ್ರಾವಣದ ಮಳೆ. ದಾರಿಗೆ ಮರ ಬಿದ್ದಿರತ್ತೆ, ಕರೆಂಟು ಹೋಗಿ ಟವರೂ ಸತ್ತಿರತ್ತೆ, 108ಕ್ಕೆ ಫೋನೇ ಹೋಗಲ್ಲ. ನಮ್ಮೂರಿಂದ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಮಂಡಗದ್ದೆ, ಸಕ್ರೆಬೈಲು ದಾಟಿ 60 ಕಿಲೋಮೀಟರು ಹೋಗೋದನ್ನು ಲೆಕ್ಕ ಹಾಕಿಯೇ ನನ್ನ ಗಂಡ "ಮನೆ ಮಾತು ಬಿಟ್ಬಿಡು" ಅಂದಿದ್ದು.

ಈಗ ಮೂರನೇ ಬಾಗಿಲು. ಸಿಸೇರಿಯನ್ ಆದಮೇಲೂ ಆಸ್ಪತ್ರೆಯಲ್ಲೇ ನಾರ್ಮಲ್‌ಗೆ ಪ್ರಯತ್ನ ಮಾಡಬಹುದು. ಹಾಗೆ ಪ್ರಯತ್ನ ಮಾಡಿದವರಲ್ಲಿ ನಾಲ್ಕರಲ್ಲಿ ಮೂರು ಜನಕ್ಕೆ ನಾರ್ಮಲ್ಲೇ ಆಗತ್ತೆ. ನಿಮ್ಮ ಸಿಸೇರಿಯನ್ ಆಗಿದ್ದು ಮಗು ಕೂತ ರೀತಿಗೆ, ದಾರಿ ಸಾಲದ್ದಕ್ಕಲ್ಲ. ಈ ಸಲ ತಲೆ ಕೆಳಗಿದ್ದರೆ ಆ ಕಾರಣವೇ ಇಲ್ಲ. ಎರಡು ಹೆರಿಗೆಗೆ ಅಂತರವೂ ಬೇಕಾದಷ್ಟಿದೆ.

ಡಾಕ್ಟರು ಯಾಕೆ ಬೇಡ ಅಂದರು ಅಂತ ಕೇಳಿದ್ದೀರಾ? ನನ್ನ ಅನುಮಾನ, ಅಲ್ಲಿ ರಾತ್ರಿ ಹೊತ್ತು ಅರಿವಳಿಕೆ ಕೊಡೋರು ಇರಲ್ಲ. ಹಾಗಿದ್ದಲ್ಲಿ ಅವರು ಬೇಡ ಅನ್ನೋದು ಸರಿಯೇ. ಆ ಕಟ್ಟಡದಲ್ಲಿ ಆಗಲ್ಲ ಅಂದಿದ್ದನ್ನು ನಾವು ನಿನ್ನ ಮೈಯಲ್ಲಿ ಆಗಲ್ಲ ಅಂತ ಕೇಳಿಸಿಕೊಂಡು ಬರ್ತೇವೆ.

ಹಳೇ ಡಿಸ್ಚಾರ್ಜ್ ಕಾಗದ ಹುಡುಕಿ ತೆಗೀರಿ, ಇದು ಎಲ್ಲಕ್ಕಿಂತ ಮುಖ್ಯ. ಹೊಟ್ಟೆಯ ಮೇಲಿನ ಗೀಟು ಅಡ್ಡ ಇದೆ ಅಂತ ಒಳಗಿನದೂ ಅಡ್ಡವೇ ಇರಬೇಕಿಲ್ಲ. ಒಳಗೆ ಉದ್ದಕ್ಕೆ, ಮೇಲಿನವರೆಗೆ ಕೊಯ್ದಿದ್ದರೆ ನಾರ್ಮಲ್ ಮಾತೇ ಬೇಡ, ದಿನಕ್ಕೆ ಮುಂಚೆಯೇ ಸಿಸೇರಿಯನ್. ನನ್ನ ಕಾಗದ ಅಕ್ಕಿ ಡಬ್ಬದ ಮೇಲಿನ ಪ್ಲಾಸ್ಟಿಕ್ ಕವರಲ್ಲಿ ರೇಷನ್ ಕಾರ್ಡಿನ ಜೊತೆ ಸಿಕ್ಕಿತು, ಅರ್ಧ ಗೆದ್ದಲು ತಿಂದು. ಬೇಕಾದ ಸಾಲು ಉಳಿದಿತ್ತು ಪುಣ್ಯಕ್ಕೆ. ಇನ್ನೊಂದು, ಸ್ಕ್ಯಾನಿಂಗಲ್ಲಿ ಮಾಸು ಎಲ್ಲಿದೆ ಅಂತ ಕೇಳಿ. ಕೆಳಗೆ, ಹಳೇ ಗಾಯದ ಮೇಲೆ ಅಂಟಿಕೊಂಡಿದ್ದರೆ ಅದು ಬೇರೆಯೇ ಕಥೆ, ದೊಡ್ಡಾಸ್ಪತ್ರೆಯೇ ಆಗಬೇಕು.

ನನ್ನದು ಹೇಗಾಯ್ತು ಅಂದ್ರೆ, 37 ವಾರ ತುಂಬುತ್ತಲೇ ಶಿವಮೊಗ್ಗ ವಿನೋಬನಗರದ ಚಿಕ್ಕಮ್ಮನ ಮನೆಗೆ ಹೋಗಿ ಕೂತೆ. ಚಿಕ್ಕಮ್ಮನ ಗಂಡನಿಗೆ ಅಷ್ಟೇನೂ ಖುಷಿ ಇರಲಿಲ್ಲ, ಇರಲಿ. ಹದಿನಾರನೇ ದಿನ ಬೆಳಗಿನ ಜಾವ ಮೂರಕ್ಕೆ ನೋವು ಬಂತು. ಆಟೋದಲ್ಲಿ ಹತ್ತು ನಿಮಿಷ. ಹೋದ ಕೂಡಲೇ ಕೈಗೆ ಸೂಜಿ ಹಾಕಿಟ್ಟರು, ರಕ್ತ ತೆಗೆದು ಗುಂಪು ನೋಡಿಸಿದರು, ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು. ಮಗುವಿನ ಎದೆಬಡಿತ ಕುದುರೆ ಓಡಿದ ಹಾಗೆ ಕೋಣೆಯೆಲ್ಲ ಕೇಳ್ತಿತ್ತು. 140, 138, 145. ಆ ನಂಬರು ನೋಡ್ತಾ ನೋಡ್ತಾ ನೋವು ಮರೀತಿದ್ದೆ.

ಎಂಟು ಗಂಟೆ ಸುಮಾರಿಗೆ ಒಂದು ನೋವು ಮುಗೀತಿದ್ದ ಹಾಗೆ ಅದು 110 ಆಯ್ತು, 95, 82. ಓಡೋ ಕುದುರೆ ಮುಗ್ಗರಿಸಿದ ಹಾಗೆ. ಸಿಸ್ಟರು ಒಂದು ಮಾತೂ ಆಡದೆ ನನ್ನನ್ನು ಎಡಮಗ್ಗುಲಿಗೆ ತಿರುಗಿಸಿದರು. ಡಾಕ್ಟರಮ್ಮ ಬಂದು ಹೊಲಿಗೆಯ ಜಾಗ ಒತ್ತಿ, "ನೋವು ಬಿಟ್ಟ ಮೇಲೂ ಇಲ್ಲಿ ಉರೀತಾ ಇದೆಯಾ? ಭುಜದಲ್ಲಿ ನೋವಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ಹೊರಗೆ ಥಿಯೇಟರಿಗೆ ಹೇಳೋ ದನಿ ಕೇಳಿಸ್ತು. ಎರಡು ನಿಮಿಷ ಇರಬಹುದು, ನಂಬರು ಮೆಲ್ಲಗೆ ಮೇಲೆ ಬಂತು. 120. 135. ಹತ್ತೂಕಾಲಿಗೆ ಕೂಸು ಬಂತು, ಕೊಯ್ಯದೆ.

ಅಮ್ಮಮ್ಮನಿಗೆ ಆಮೇಲೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ: "ಆ ಇಳಿದದ್ದು ನನಗೆ ಹೇಗೆ ಗೊತ್ತಾಗ್ತಿತ್ತೇ?"

ಗಾಯ ಬಿಡುವಾಗ ಬಹಳ ಸಲ ಮೊದಲ ಸುಳಿವು ಬರೋದು ಮಗುವಿನ ಬಡಿತದಲ್ಲೇ. ಎರಡು ನೋವಿನ ನಡುವೆಯೂ ಬಿಡದೆ ಉರಿಯೋದು, ಚೆನ್ನಾಗಿ ಬರ್ತಿದ್ದ ನೋವು ಏಕಾಏಕಿ ನಿಂತುಹೋಗೋದು, ರಕ್ತ ಹೋಗೋದು, ತಲೆ ಸುತ್ತೋದು ಕೂಡ ಅದರದ್ದೇ ಲಕ್ಷಣ, ಆದರೆ ಎಲ್ಲವೂ ಎಲ್ಲರಿಗೂ ಬರಲ್ಲ. ಇನ್ನೊಂದು ಮಾತು ದಯವಿಟ್ಟು ಮನೆಯವರಿಗೂ ಹೇಳಿಡಿ. ನೋವು ಬೇಗ ಬರಲಿ ಅಂತ ಯಾರಾದರೂ ಇಂಜೆಕ್ಷನ್ ಕೊಡೋಕೆ, ಮಾತ್ರೆ ಇಡೋಕೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಔಷಧಿಯಿಂದ ನೋವು ಬರಿಸಿದರೆ ಗಾಯ ಬಿಡುವ ಸಾಧ್ಯತೆ ಎರಡು ಮೂರು ಪಟ್ಟಾಗತ್ತೆ. ಆಸ್ಪತ್ರೆಯಲ್ಲೂ ಅದನ್ನು ಅಳೆದು ಸುರಿದು ಕೊಡ್ತಾರೆ, ಕೆಲವು ಮಾತ್ರೆಗಳನ್ನು ಇಂಥ ಹೊಟ್ಟೆಗೆ ಮುಟ್ಟಿಸೋದೇ ಇಲ್ಲ.

ನೀವು ಬರೆದಿರೋದರಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: "ಆ ಥಿಯೇಟರಲ್ಲಿ ದನದ ಹಾಗೆ ಮಲಗಿಸಿದ್ದರು, ಮತ್ತೆ ಅಲ್ಲಿಗೆ ಹೋಗಲ್ಲ." ಅರ್ಥವಾಗತ್ತೆ. ನನ್ನ ಮೊದಲನೇದರಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಯಾಕೆ ಕೊಯ್ತಿದ್ದಾರೆ ಅಂತ ಕೊನೆಗೂ ಹೇಳಲಿಲ್ಲ. ಕೇಳಿದ್ದಕ್ಕೆ ಬಾಯ್ಮುಚ್ಕೊಂಡು ಮಲ್ಕೋ ಅಂದರು. ಮನೆಯಲ್ಲಿ ಹೆರಬೇಕು ಅನ್ನೋ ನನ್ನ ಹಟದಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿನದು. ಆದರೆ ಅದಕ್ಕೆ ಮದ್ದು ಬೇರೆ ಆಸ್ಪತ್ರೆ. ಎರಡು ಮೂರು ಕಡೆ ಮೊದಲೇ ಹೋಗಿ ಮಾತಾಡಿ. ಸಿಸೇರಿಯನ್ ಆದವರಿಗೆ ನಾರ್ಮಲ್ ಪ್ರಯತ್ನ ಮಾಡ್ತೀರಾ, ರಾತ್ರಿ ಎರಡಕ್ಕೂ ಅರಿವಳಿಕೆಯವರು ಸಿಗ್ತಾರಾ, ರಕ್ತ ಎಲ್ಲಿಂದ, ಜೊತೆಗೆ ಅಮ್ಮನೋ ಅತ್ತೆಯೋ ಇರಬಹುದಾ ಅಂತ ಕೇಳಿ. ಉತ್ತರ ಕೊಡೋ ರೀತಿಯಲ್ಲೇ ಆ ದಿನ ಹೇಗಿರತ್ತೆ ಅಂತ ಗೊತ್ತಾಗತ್ತೆ.

ಇಷ್ಟೆಲ್ಲ ಓಡಾಟ ಬೇಡ, ದಿನ ಗೊತ್ತುಮಾಡಿಕೊಂಡು ಸಿಸೇರಿಯನ್ನೇ ಮಾಡಿಸಿಕೊಳ್ತೇನೆ ಅಂದ್ರೆ ಅದೂ ತಪ್ಪಲ್ಲ. ಎರಡಕ್ಕೇ ಸಾಕು ಅನ್ನೋರಿಗೆ ಎಷ್ಟೋ ಸಲ ಅದೇ ಸಲೀಸು. ಮೂರನೇದರ ಆಸೆ ಇದ್ದರೆ ಮಾತ್ರ ಯೋಚಿಸಿ, ಸಿಸೇರಿಯನ್ ಹೆಚ್ಚಾದಷ್ಟೂ ಮಾಸು ಗಾಯಕ್ಕೆ ಅಂಟಿಕೊಳ್ಳೋ ಭಯ ಹೆಚ್ಚು.

ಖರ್ಚಿನ ಬಗ್ಗೆ ಕೇಳಿದ್ದೀರಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲ ಪುಕ್ಕಟೆ. ಶಿವಮೊಗ್ಗದ ಮೆಗ್ಗಾನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಲ್ಲೂ ವಿಚಾರಿಸಿ. ತಾಯಿ ಕಾರ್ಡು ಮರೆಯಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹತ್ರ ಈಗಲೇ ಮಾತಾಡಿಟ್ಟರೆ ಎಷ್ಟೋ ಹಗುರ.

ಶ್ರಾವಣ ಅಂದಿರಿ. ಹಾಗಾದರೆ ಆಷಾಢದಲ್ಲೇ ಪೇಟೆಯಲ್ಲಿ ನೆಂಟರ ಮನೆಯೋ ಬಾಡಿಗೆ ಕೋಣೆಯೋ ನೋಡಿಕೊಳ್ಳಿ. ಅಜ್ಜಿಯನ್ನೂ ಕರ್ಕೊಂಡು ಹೋಗಿ. ನೋವಿನಲ್ಲಿ ಸೊಂಟ ತಿಕ್ಕೋಕೆ ಅವರಷ್ಟು ಚೆನ್ನಾಗಿ ಯಾರಿಗೂ ಬರಲ್ಲ, ಬಾಣಂತನ ಹೇಗೂ ಅವರದೇ ತಾನೇ.