ಪಂಚಮಿಗೆ ಊರಿಗೆ ಹೊರಡುವ ಜ್ವರ

ಗೋವಾದ ಕನ್ನಡ ಕೂಲಿಕಾರರಲ್ಲಿ ಮಲೇರಿಯಾ ಜ್ವರ ಹಬ್ಬಿದಾಗ ಅದನ್ನು ತಡೆಯಲು ಒಂದು ಒಳ್ಳೆಯ ಆ್ಯಪ್ ಸಾಲದೇ ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ನಾನು ಖಾನಾಪುರ ತಾಲ್ಲೂಕಿನವನು, ವಾಸ್ಕೋ ಸುತ್ತಮುತ್ತ ಕಟ್ಟಡದ ಕೆಲಸ ನೋಡಿಕೊಳ್ಳುತ್ತೇನೆ, ವೈದ್ಯನಲ್ಲ. ಆದರೆ ಬೈನಾ, ಜುವಾರಿನಗರದ ಓಣಿಗಳಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯ ಮಂದಿಯೊಡನೆ ದಿನವೂ ಒಡನಾಡುವುದರಿಂದ ಇಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಬಲ್ಲೆ.

ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಗಟಾರದ ಕೊಳೆಗಿಂತ ತಿಳಿನೀರೇ ಇಷ್ಟ. ಸ್ಲ್ಯಾಬ್ ಹಾಕಿದ ಮರುದಿನ ಗಾರೆಯಿಂದ ಸಣ್ಣ ಬದು ಕಟ್ಟಿ ಕ್ಯೂರಿಂಗ್‌ಗೆಂದು, ಅಂದರೆ ಕಾಂಕ್ರೀಟ್ ಗಟ್ಟಿಯಾಗಲೆಂದು, ನಿಲ್ಲಿಸುವ ನೀರು ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಅದರ ಮರಿಹುಳಗಳು ಮುರಿದ ಕಡ್ಡಿಚೂರುಗಳಂತೆ ನೀರಿನ ಮೇಲೆ ಅಡ್ಡಡ್ಡ ಮಲಗಿರುತ್ತವೆ. ಗಟಾರದ ಕ್ಯೂಲೆಕ್ಸ್ ಸೊಳ್ಳೆಯ ಮರಿಗಳಾದರೆ ತಲೆಕೆಳಗಾಗಿ ಓರೆಯಾಗಿ ತೂಗುತ್ತವೆ. ಒಮ್ಮೆ ತೋರಿಸಿಕೊಟ್ಟರೆ ಅಕ್ಷರ ಬಾರದವರೂ ಗುರುತಿಸುತ್ತಾರೆ, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ, ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸುತ್ತಾರೆ. ಗುಳಿಗೆ ನುಂಗುವ ಬಗ್ಗೆ ಬರೆದು ಕಳಿಸಿದ ಸೂಚನೆಯನ್ನು ಮಾತ್ರ ಯಾರೂ ಓದುವುದಿಲ್ಲ. ಅದೇ ಮಾತನ್ನು ರೋಣದ ಒಬ್ಬ ಅಕ್ಕ "ಗುಳಿಗಿ ನಡುವ ಬಿಡಬ್ಯಾಡ್ರಿ, ಹದಿನಾಕೂ ದಿನ ನುಂಗ್ರಿ" ಎಂದು ಧ್ವನಿ ಸಂದೇಶ ಕಳಿಸಿದರೆ ಇಡೀ ಚಾಳು ಕೇಳುತ್ತದೆ.

ಗೋವಾದಲ್ಲಿ ಕಟ್ಟಡ ಕೂಲಿಕಾರರು ರಕ್ತ ಪರೀಕ್ಷೆ ಮಾಡಿಸಿ ಆರೋಗ್ಯ ಕಾರ್ಡ್ ಪಡೆಯಬೇಕೆಂಬ ನಿಯಮವಿದೆ. ಉದ್ದೇಶ ಒಳ್ಳೆಯದೇ. ಆದರೆ ಜ್ವರ ಎದ್ದಾಗಲೆಲ್ಲ "ಘಾಂಟಿಗಳು (ಘಟ್ಟದಾಚೆಯವರು) ತಂದದ್ದು" ಎಂಬ ಮಾತು ಕಿವಿಗೆ ಬೀಳುವ ಊರಿನಲ್ಲಿ, ಹೆಸರು ಬರೆಸಿಕೊಳ್ಳುವುದೆಂದರೆ ಗುಡಿಸಲು ಕಳೆದುಕೊಳ್ಳುವುದಕ್ಕೆ ಮುನ್ನುಡಿ ಎಂದು ನಮ್ಮವರು ಅಂಜುತ್ತಾರೆ, ಆ ಅಂಜಿಕೆಯಲ್ಲೇ ಜ್ವರವನ್ನು ಮುಚ್ಚಿಡುತ್ತಾರೆ. ಹನಿ ರಕ್ತದಿಂದ ಇಪ್ಪತ್ತು ನಿಮಿಷದೊಳಗೆ ಫಲಿತಾಂಶ ತೋರಿಸುವ ಪರೀಕ್ಷಾ ಪಟ್ಟಿಯನ್ನು ಪರಿಚಿತರೇ ಮನೆಬಾಗಿಲಿಗೆ ತಂದರೆ ಬೆರಳು ಚಾಚುವವರು, ಅದೇ ಪರೀಕ್ಷೆಗೆ ಸಮವಸ್ತ್ರದವರು ಬಂದರೆ ಹಿಂಬಾಗಿಲಿನಿಂದ ಹೊರಟುಬಿಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ವೈವಾಕ್ಸ್ ಮಲೇರಿಯಾದ್ದು. ಅದರ ರೋಗಾಣು ಯಕೃತ್ತಿನಲ್ಲಿ ಸುಪ್ತವಾಗಿ ಉಳಿದು ವಾರಗಳ ಅಥವಾ ತಿಂಗಳುಗಳ ನಂತರ ಮತ್ತೆ ಎದ್ದೇಳುತ್ತದೆ. ಅದನ್ನು ಬೇರುಸಹಿತ ತೆಗೆಯಲು ಪ್ರೈಮಾಕ್ವಿನ್ ಗುಳಿಗೆಯನ್ನು 14 ದಿನ ನುಂಗಬೇಕು. ಮೂರನೆಯ ದಿನಕ್ಕೆ ಚಳಿ ಬಿಡುತ್ತದೆ, ಮಳೆಗಾಲದ ನಡುವೆಯೇ ನಾಗರ ಪಂಚಮಿ ಬರುತ್ತದೆ, ಹೆಂಡತಿಯನ್ನು ತವರಿಗೆ ಬಿಡಲು ಹೊರಟವನು ಗುಳಿಗೆಯ ಪೊಟ್ಟಣವನ್ನು ಟ್ರಂಕಿನ ಮೇಲೆಯೇ ಮರೆತು ಹುಬ್ಬಳ್ಳಿ ಬಸ್ ಹತ್ತುತ್ತಾನೆ. ರೀಚಾರ್ಜ್ ಮುಗಿದಿರುತ್ತದೆ, ಊರಿಗೆ ಹೋದ ಮೇಲೆ ಸಿಮ್ ಕೂಡ ಬದಲಾಗುತ್ತದೆ. ಫೋನ್ ನಂಬರನ್ನೇ ನಂಬಿದ ವ್ಯವಸ್ಥೆಗೆ ಅವನು ಅಲ್ಲಿಗೆ ಕಣ್ಮರೆ.

ಮಂಗಳೂರಿನಲ್ಲಿ 2015ರಿಂದ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟು, ರೋಗಿ ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಕ್ರಮ ತಂದರು. ಸುತ್ತಲಿನ ಮನೆಗಳನ್ನು ಬೇಗ ತಪಾಸಿಸಲು ಅದು ನಿಜಕ್ಕೂ ಒಳ್ಳೆಯ ಉಪಾಯ. ಆದರೆ ನಕ್ಷೆಯಲ್ಲಿ ಒಬ್ಬನಿಗೆ ಒಂದೇ ಚುಕ್ಕೆ ಸಾಕಾಗುವುದು ಅವನು ನಿಂತಲ್ಲಿ ನಿಂತರೆ ಮಾತ್ರ. ನಮ್ಮವರಿಗೆ ಬೇಕಾಗುವುದು ಎರಡು ಚುಕ್ಕೆ, ಒಂದು ಇಲ್ಲಿಯ ಚಾಳಿನಲ್ಲಿ, ಇನ್ನೊಂದು ಘಟ್ಟದ ಮೇಲಿನ ಊರಿನಲ್ಲಿ.

ಆದ್ದರಿಂದ ನಾವು ಮಾಡಿಕೊಂಡಿರುವ ವ್ಯವಸ್ಥೆ ತೀರಾ ಸರಳವಾದದ್ದು. ಕೂಲಿಗೆ ಸೇರುವಾಗಲೇ ಅವರವರ ಹಳ್ಳಿಯ ಆಶಾ ಕಾರ್ಯಕರ್ತೆಯ ನಂಬರು ಕೇಳಿ, ಆರೋಗ್ಯ ಕಾರ್ಡಿನ ಹಿಂಬದಿಗೆ ಬಾಲ್‌ಪೆನ್ನಿನಿಂದ ಬರೆದಿಡುತ್ತೇವೆ. ಹಬ್ಬಕ್ಕೆ ಹೊರಟವನ ಕೈಯಲ್ಲಿ ಉಳಿದ ಗುಳಿಗೆಗಳ ಫೋಟೋ ತೆಗೆದು, ಎಷ್ಟನೆಯ ದಿನ ಎಂದು ಧ್ವನಿಯಲ್ಲಿ ಹೇಳಿ, ಬಸ್ ಅನಮೋಡ ಘಟ್ಟ ಏರುವ ಮೊದಲೇ ಆ ಆಶಾ ಅಕ್ಕನಿಗೆ ಕಳಿಸಿರುತ್ತೇವೆ.